ಏನೂ ಕಾಣದ ಪ್ಯಾಂಟಿನೊಳಗೆ ಏನೇನಿರಬೇಕು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಒಂದು ಸಣ್ಣ ಉಡುಪು ವಿನ್ಯಾಸ ಸಂಸ್ಥೆಯಲ್ಲಿ ಒಂದೇ ಒಂದು ಪ್ಯಾಂಟು ರೂಪುಗೊಂಡ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ಸಂಸ್ಥೆಯ ಹೆಸರನ್ನಾಗಲಿ, ಅಲ್ಲಿ ಕೆಲಸ ಮಾಡುವವರ ಮತ್ತು ಪ್ಯಾಂಟನ್ನು ತೊಟ್ಟು ನೋಡಿದ ಮಹಿಳೆಯರ ಗುರುತನ್ನಾಗಲಿ ಕೊಟ್ಟಿಲ್ಲ. ಅಳತೆಗಳನ್ನು ಮಾತ್ರ, ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಅಳತೆಯ ನಕ್ಷೆ) ಕೆಲಸ ಕಲಿಯುತ್ತಿರುವವರಿಗೆ ಉಪಯೋಗವಾಗಲೆಂದು, ಹಾಗೆಯೇ ಉಳಿಸಿಕೊಂಡಿದ್ದೇನೆ. ಮಾದರಿಗಳು ಮತ್ತೆ ಮತ್ತೆ ಕೈಕೊಟ್ಟ ನಂತರ ಪ್ಯಾಟರ್ನನ್ನು ಪರಿಶೀಲಿಸಿಕೊಡಬೇಕೆಂದು ಸಂಸ್ಥೆಯವರು ನನ್ನನ್ನು ಹೊರಗಿನಿಂದ ಕರೆಸಿಕೊಂಡರು. ಅದಕ್ಕೂ ಮೊದಲು ನಡೆದದ್ದನ್ನು ಅವರು ಇಟ್ಟುಕೊಂಡಿದ್ದ ಟಿಪ್ಪಣಿಗಳಿಂದ ಮತ್ತು ಗೋಡೆಗೆ ತೂಗುಹಾಕಿದ್ದ ಹಳೆಯ ಮಾದರಿಗಳಿಂದ ತಿಳಿದುಕೊಂಡೆ.

ಸಂಸ್ಥೆಯ ಯೋಜನೆ ಸರಳವಾಗಿತ್ತು. ಕೆಲವೇ ಉಡುಪುಗಳ ಒಂದು ಸಂಗ್ರಹ ಸಿದ್ಧವಾಗಬೇಕು, ಅದರ ಅಡಿಪಾಯ ಒಂದು ಪ್ಯಾಂಟು ಆಗಿರಬೇಕು, ಅದು ಕಚೇರಿಗೂ ಸಂಜೆಯ ಸಮಾರಂಭಕ್ಕೂ ಸಲ್ಲಬೇಕು, ಮೇಲಿನ ಅಂಗಿ ಯಾವುದೇ ಇರಲಿ ಅದರೊಡನೆ ಹೊಂದಬೇಕು. ವಿನ್ಯಾಸಕಿಯು ಮಾಡಿಕೊಂಡಿದ್ದ ಮೊದಲ ಟಿಪ್ಪಣಿಯಲ್ಲಿ ಬೇಕಾದವುಗಳ ಪಟ್ಟಿಗಿಂತ ಬೇಡವಾದವುಗಳ ಪಟ್ಟಿಯೇ ಉದ್ದವಾಗಿತ್ತು: ಮುಂಭಾಗದಲ್ಲಿ ಪ್ಲೀಟ್ (ನೆರಿಗೆ) ಬೇಡ, ಡಾರ್ಟ್ (ಬಟ್ಟೆಯನ್ನು ಚೂಪಾಗಿ ಮಡಿಚಿ ಹಾಕುವ ಹೊಲಿಗೆ) ಬೇಡ, ಕಣ್ಣಿಗೆ ಬೀಳುವ ಜೇಬು ಬೇಡ, ಬೆಲ್ಟಿನ ಲೂಪು ಬೇಡ, ಮೇಲೆ ಗುಂಡಿ ಕಾಣಬಾರದು, ಹಿಂಬದಿಯ ಸೊಂಟಪಟ್ಟಿಯಲ್ಲಿ ಜೋಡಣೆಯ ಹೊಲಿಗೆಯೂ ಇರಬಾರದು. ಉಳಿಯಬೇಕಾದದ್ದು ಸೊಂಟದಿಂದ ಪಾದದವರೆಗೆ ನೇರವಾಗಿ ಇಳಿಯುವ ಕಪ್ಪು ಉಣ್ಣೆ ಬಟ್ಟೆ ಮತ್ತು ಅದರ ಮೇಲೆ ಒಂದು ಇಸ್ತ್ರಿ ಗೆರೆ, ಅಷ್ಟೇ.

ಈ ಕಲ್ಪನೆಗೆ ದೊಡ್ಡ ಪರಂಪರೆಯೇ ಇದೆ. 1968ರಲ್ಲಿ ತನ್ನ ಸಂಸ್ಥೆಯನ್ನು ಆರಂಭಿಸಿದ ಜಿಲ್ ಸ್ಯಾಂಡರ್ ಮತ್ತು 1986ರಲ್ಲಿ ತನ್ನ ಹೆಸರಿನ ಉಡುಪು ಸಾಲನ್ನು ಆರಂಭಿಸಿದ ಹೆಲ್ಮುಟ್ ಲ್ಯಾಂಗ್ 1990ರ ದಶಕದಲ್ಲಿ ಅಲಂಕಾರವನ್ನು ಕಳಚಿ ಬಟ್ಟೆಯ ಗುಣಕ್ಕೂ ಕಟಿಂಗಿಗೂ ಮೊದಲ ಸ್ಥಾನ ಕೊಟ್ಟವರು. ವಿನ್ಯಾಸಕಿಯ ಗೋಡೆಯ ಮೇಲೆ ಇದ್ದದ್ದು ಬಹುತೇಕ ಆ ಕಾಲದ ಚಿತ್ರಗಳೇ. ಅವುಗಳ ನಡುವೆ ಈವ್ ಸಾಂ ಲೊರಾಂ 1966ರಲ್ಲಿ ಮಹಿಳೆಯರಿಗಾಗಿ ರೂಪಿಸಿದ ಟಕ್ಸೀಡೊ (ಗಂಡಸರು ಸಂಜೆಯ ಸಮಾರಂಭಕ್ಕೆ ತೊಡುವ ಸೂಟು) ಉಡುಗೆಯ ಚಿತ್ರವೂ ಇತ್ತು. ಆ ಪ್ಯಾಂಟಿನ ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೆ ಸ್ಯಾಟಿನ್ ಪಟ್ಟಿಯೊಂದು ಓಡುತ್ತದೆ. ಆ ಪಟ್ಟಿ ನೋಡುವವರ ಕಣ್ಣನ್ನು ಹಿಡಿದು ನೇರವಾಗಿ ಕೆಳಕ್ಕೆ ಇಳಿಸುವುದರಿಂದ ಕಾಲು ಉದ್ದವಾಗಿ, ಗೆರೆ ನೇರವಾಗಿ ತೋರುತ್ತದೆ. ಆ ಪಟ್ಟಿಯನ್ನು ತೆಗೆದ ಮೇಲೆ ಕಣ್ಣನ್ನು ಇಳಿಸುವ ಕೆಲಸ ಪಕ್ಕದ ಹೊಲಿಗೆಯ ಪಾಲಿಗೆ ಬರುತ್ತದೆ, ಮತ್ತು ಆ ಹೊಲಿಗೆ ಎಲ್ಲಿಯೂ ಬಾಗದೆ ಇದ್ದರೆ ಮಾತ್ರ ಅದು ಸಾಧ್ಯ. ಈ ಪ್ರಕರಣದಲ್ಲಿ ಮುಂದೆ ಬಂದ ತೊಂದರೆಗಳೆಲ್ಲವೂ ಇದೇ ಬಗೆಯವು. ತೆಗೆದುಹಾಕಿದ ಪ್ರತಿಯೊಂದು ಭಾಗವೂ ಏನೋ ಒಂದು ಕೆಲಸ ಮಾಡುತ್ತಿತ್ತು, ಆ ಕೆಲಸವನ್ನು ಯಾರಿಗೂ ವಹಿಸಿಕೊಡದೆ ಭಾಗವನ್ನು ಮಾತ್ರ ತೆಗೆಯಲಾಗಿತ್ತು.

ಸಮಸ್ಯೆ

ಮೊದಲ ಮಾದರಿ ತೂಗುಹಾಕಿದಾಗಲೂ ಛಾಯಾಚಿತ್ರದಲ್ಲಿಯೂ ಬಹಳ ಚೆಂದ ಕಂಡಿತ್ತು. ಅದನ್ನು ತೊಟ್ಟು ನಿಂತ ರೂಪದರ್ಶಿಯ ದೇಹಕ್ಕೂ ಪ್ಯಾಟರ್ನಿನ ಅಳತೆಗೂ ಹೊಂದಿಕೆ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸೀಟಿನ (ಪೃಷ್ಠದ) ಸುತ್ತಳತೆ 98 ಸೆಂ.ಮೀ., ಸೊಂಟ 74 ಸೆಂ.ಮೀ. ಇರುವ ಇತರ ಮಹಿಳೆಯರಿಗೆ ಅದೇ ಪ್ಯಾಂಟನ್ನು ತೊಡಿಸಿದಾಗ ದೋಷಗಳು ಒಂದೊಂದಾಗಿ ಹೊರಬಂದವು. ಮುಂಭಾಗದಲ್ಲಿ ತೊಡೆಸಂದಿನಿಂದ ಹೊರಟು ಎರಡೂ ಪಕ್ಕಕ್ಕೆ ಮೇಲಕ್ಕೆ ಹರಡುವ ಸೆಳೆತದ ಸುಕ್ಕುಗಳು ಕಂಡವು. ಹಿಂಬದಿಯಲ್ಲಿ ಸೀಟಿನ ಕೆಳಗೆ ಬಟ್ಟೆ ಮಡಿಕೆಬಿದ್ದು ಸೇರಿಕೊಂಡಿತು. ಇಸ್ತ್ರಿ ಗೆರೆ ಮೊಣಕಾಲಿನ ಕೆಳಗೆ ಒಳಕ್ಕೆ ತಿರುಗಿತು. ಪಕ್ಕದ ಹೊಲಿಗೆ ಸೊಂಟದ ಕೆಳಗೆ ಬಿಲ್ಲಿನಂತೆ ಹೊರಬಾಗಿತು.

ತೊಟ್ಟು ನೋಡಿದವರಲ್ಲಿ ಒಬ್ಬರು ಹೇಳಿದ ಮಾತನ್ನು ಸಂಸ್ಥೆಯವರು ಹಾಗೆಯೇ ಬರೆದುಕೊಂಡಿದ್ದರು: "ನಿಂತಾಗ ಚೆನ್ನಾಗಿದೆ. ಕೂತು ಎದ್ದರೆ ಪ್ರತಿ ಸಲವೂ ಹಿಂದಕ್ಕೆ ಕೈ ಹಾಕಿ ಮೇಲಕ್ಕೆ ಎಳೆದುಕೊಳ್ಳಬೇಕು." ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಅತಿ ಮುಖ್ಯ ಸಾಕ್ಷ್ಯ ಇದೇ ಆಗಿತ್ತು. ಆದರೂ ಅದು ದೋಷಗಳ ಪಟ್ಟಿಯಲ್ಲಿ ಕೊನೆಯ ಸಾಲಿನಲ್ಲಿತ್ತು, ಏಕೆಂದರೆ ಆವರೆಗೆ ನಡೆದ ಚರ್ಚೆಗಳೆಲ್ಲವೂ ನಿಂತ ಭಂಗಿಯ ಚಿತ್ರಗಳನ್ನು ಮುಂದಿಟ್ಟುಕೊಂಡೇ ನಡೆದಿದ್ದವು.

ಇಂಥ ದೋಷಗಳು ಎಲ್ಲ ಪ್ಯಾಂಟುಗಳಲ್ಲಿಯೂ ಸ್ವಲ್ಪಮಟ್ಟಿಗೆ ಇರುತ್ತವೆ. ಡೆನಿಮ್ ಪ್ಯಾಂಟಿನಲ್ಲಿ ಎದ್ದುಕಾಣುವ ಹೊಲಿಗೆ, ರಿವೆಟ್ಟು, ಮಾಸಿದ ಬಣ್ಣ ಎಲ್ಲವೂ ಸೇರಿ ಸುಕ್ಕನ್ನು ತಮ್ಮೊಳಗೆ ಅಡಗಿಸಿಕೊಳ್ಳುತ್ತವೆ. ಪ್ಲೀಟ್ ಇರುವ ಪ್ಯಾಂಟಿನಲ್ಲಿ ಸುಕ್ಕನ್ನು ನೋಡುವವರು ಪ್ಲೀಟಿನದೇ ಮುಂದುವರಿಕೆ ಎಂದುಕೊಳ್ಳುತ್ತಾರೆ. ಬೋಳು ಮೇಲ್ಮೈಯ ಕಪ್ಪು ಪ್ಯಾಂಟಿನಲ್ಲಿ ಕಣ್ಣಿಗೆ ಬೇರೆ ನೆಲೆಯೇ ಇರುವುದಿಲ್ಲ, ಅದು ಸೀದಾ ಹೋಗಿ ಸುಕ್ಕಿನ ಮೇಲೆಯೇ ಕೂರುತ್ತದೆ. ಅಲಂಕಾರವಿಲ್ಲದ, ಮಿತವಾದ ಉಡುಗೆಯನ್ನು ಹೊಲಿಯಲು ಸುಲಭವೆಂದು ಬಗೆಯುವವರು ಇದನ್ನು ಮನಗಾಣಬೇಕು.

ಮೊದಲು ಮಾಡಿದ ಪ್ರಯತ್ನಗಳು

ಸುಕ್ಕು ಕಂಡಾಗ ಪ್ಯಾಂಟು ಬಿಗಿಯಾಗಿದೆ ಎಂದು ತೀರ್ಮಾನಿಸುವುದು ಸಹಜ. ಸಂಸ್ಥೆಯವರು ಮೊದಲು ಮಾಡಿದ್ದೂ ಅದನ್ನೇ. ಎರಡೂ ಪಕ್ಕದ ಹೊಲಿಗೆಗಳಲ್ಲಿ ಸಡಿಲ ಬಿಟ್ಟು ಸೀಟಿನ ಸುತ್ತಳತೆಯನ್ನು ಇನ್ನೂ 4 ಸೆಂ.ಮೀ. ಹೆಚ್ಚಿಸಲಾಯಿತು. ಮುಂಭಾಗದ ಸುಕ್ಕುಗಳು ಇದ್ದಲ್ಲಿಯೇ ಇದ್ದವು, ಸೀಟಿನ ಕೆಳಗಿನ ಮಡಿಕೆಗಳು ಹೆಚ್ಚಾದವು, ಪಕ್ಕದ ಬಿಲ್ಲು ಇನ್ನಷ್ಟು ಬಾಗಿತು. ಒಂದು ದೋಷವನ್ನು ಸರಿಪಡಿಸಲು ಹೋಗಿ ಎರಡನ್ನು ಬೆಳೆಸಿದಂತಾಯಿತು. ಆದರೆ ಈ ವಿಫಲ ಯತ್ನದಿಂದ ಒಂದು ಸಂಗತಿ ಸ್ಪಷ್ಟವಾಗಬೇಕಿತ್ತು: ಅಗಲ ಕೊಟ್ಟರೂ ಹೋಗದ ಸೆಳೆತದ ಕಾರಣ ಅಗಲದಲ್ಲಿಲ್ಲ.

ನಂತರ ಬಟ್ಟೆಯನ್ನು ಬದಲಿಸಿದರು. ಎಲಾಸ್ಟೇನ್ (ಹಿಗ್ಗುವ ಕೃತಕ ಎಳೆ) ಬೆರೆತ ಉಣ್ಣೆ ಬಟ್ಟೆಯಲ್ಲಿ ಹೊಲಿದಾಗ ಸುಕ್ಕುಗಳು ಬಹುಮಟ್ಟಿಗೆ ಮಾಯವಾದವು, ಸಂಸ್ಥೆಯಲ್ಲಿ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಆದರೆ ಬಟ್ಟೆ ಹಿಗ್ಗಿಕೊಂಡು ದೋಷವನ್ನು ಮುಚ್ಚಿತ್ತೇ ಹೊರತು ದೋಷ ಅಲ್ಲಿಯೇ ಇತ್ತು. ದಿನವಿಡೀ ತೊಟ್ಟ ಮೇಲೆ ಮೊಣಕಾಲಿನ ಬಳಿ ಬಟ್ಟೆ ಉಬ್ಬಿ ನಿಂತಿತು, ಇಸ್ತ್ರಿ ಗೆರೆ ಮಂಕಾಯಿತು, ಮತ್ತು ಉಣ್ಣೆ ಬಟ್ಟೆ ತನ್ನ ಭಾರದಿಂದ ತಾನೇ ಇಳಿದು ನಿಲ್ಲುವ ಆ ಗುಣ, ಇಂಥ ಪ್ಯಾಂಟಿನ ಜೀವಾಳವೇ ಆಗಿರುವ ಗುಣ, ಕಳೆದುಹೋಯಿತು. ಕಾಲಿಗೆ ಅಂಟಿಕೊಳ್ಳುವ ಬಟ್ಟೆಯಲ್ಲಿ ದೇಹದ ಗೆರೆ ಕಾಣುತ್ತದೆ, ಪ್ಯಾಂಟಿನ ಗೆರೆ ಕಾಣುವುದಿಲ್ಲ. ವಿನ್ಯಾಸಕಿ ಇದನ್ನು ಬೇಗ ಗುರುತಿಸಿ ಆ ದಾರಿಯನ್ನು ಕೈಬಿಟ್ಟದ್ದು ಅವರ ಕಣ್ಣಿನ ಸೂಕ್ಷ್ಮಕ್ಕೆ ಸಾಕ್ಷಿ. ಬಹಳಷ್ಟು ಸಂಸ್ಥೆಗಳು ಇಲ್ಲಿಗೇ ನಿಲ್ಲಿಸಿ ಮಾರಾಟಕ್ಕೆ ಇಳಿಯುತ್ತವೆ.

ಮುಂದಿನ ಪ್ರಯತ್ನ ಅತಿ ನಯವಾದ ಬಟ್ಟೆಯದು. ಸೂಪರ್ 150 ಎಂದು ಗುರುತಿಸಿದ, ಚದರ ಮೀಟರಿಗೆ ಸುಮಾರು 210 ಗ್ರಾಂ ತೂಗುವ ಬಟ್ಟೆಯನ್ನು ತಂದರು. ಅದನ್ನು ಮುಟ್ಟಿದವರೆಲ್ಲ ಮೆಚ್ಚಿದರು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳಬೇಕು. ಸೂಪರ್ ಸಂಖ್ಯೆ ಹೇಳುವುದು ಉಣ್ಣೆಯ ಎಳೆಯ ಸಣ್ಣತನವನ್ನು: ಅಂತರರಾಷ್ಟ್ರೀಯ ಉಣ್ಣೆ ಜವಳಿ ಒಕ್ಕೂಟದ ನಿಯಮದಂತೆ ಸೂಪರ್ 100 ಎನ್ನಲು ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ ಮೀರಬಾರದು, ಸೂಪರ್ 150 ಎನ್ನಲು 16.25 ಮೈಕ್ರಾನ್ ಮೀರಬಾರದು. ಬಟ್ಟೆಯ ತೂಕ, ನೂಲಿನ ತಿರುಚು, ನೇಯ್ಗೆಯ ಬಿಗುವು ಇವುಗಳ ಬಗ್ಗೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ಕೋಟಿಗೆ ಒಪ್ಪುವ ನಯವಾದ ಎಳೆ ಪ್ಯಾಂಟಿನಲ್ಲಿ ತೊಡೆಗಳ ನಡುವಿನ ಉಜ್ಜಾಟವನ್ನೂ ಕುರ್ಚಿಯ ಉಜ್ಜಾಟವನ್ನೂ ಬಹುಕಾಲ ತಾಳುವುದು ಕಷ್ಟ. ಈ ಪ್ರಕರಣದಲ್ಲಿ ಬಟ್ಟೆ ಸವೆಯುವವರೆಗೆ ಕಾಯಬೇಕಾಗಲಿಲ್ಲ. ಹಗುರವಾದ ಬಟ್ಟೆ ಪ್ರತಿಯೊಂದು ಸೆಳೆತವನ್ನೂ ಇನ್ನಷ್ಟು ಸ್ಪಷ್ಟವಾಗಿ ಎತ್ತಿ ತೋರಿಸಿತು, ಒಳಗಿನ ಮಾರ್ಜಿನಿನ (ಹೊಲಿಗೆಯಾಚೆ ಬಿಟ್ಟ ಬಟ್ಟೆಯ) ಅಂಚುಗಳು ಸಹ ಹೊರಗೆ ಮೂಡಿದವು.

ನನ್ನನ್ನು ಕರೆಸಿದ್ದು ಈ ಹಂತದಲ್ಲಿ.

ತಿರುವು: ಕೋರಾ ಬಟ್ಟೆಯ ಮೇಲೆ ಎಳೆದ ಗೆರೆಗಳು

ಕಪ್ಪು ಬಟ್ಟೆಯಲ್ಲಿ ದೋಷದ ಕಾರಣವನ್ನು ಹುಡುಕಲಾಗದು. ಆದ್ದರಿಂದ ಇದ್ದ ಪ್ಯಾಟರ್ನನ್ನು ಒಂದಿಷ್ಟೂ ತಿದ್ದದೆ ಕೋರಾ ಬಟ್ಟೆಯಲ್ಲಿ ಕತ್ತರಿಸಿ, ಸೀಟಿನ ಮಟ್ಟದಲ್ಲಿ ಮತ್ತು ಮೊಣಕಾಲಿನ ಮಟ್ಟದಲ್ಲಿ ಸುತ್ತಲೂ ಅಡ್ಡಗೆರೆಗಳನ್ನು, ಪ್ರತಿ ಕಾಲಿನ ಮಧ್ಯದಲ್ಲಿ ಹಾಸು ನೂಲಿನ (ಬಟ್ಟೆಯಲ್ಲಿ ಉದ್ದಕ್ಕೆ ಓಡುವ ನೂಲಿನ) ಉದ್ದಕ್ಕೂ ಒಂದು ನೇರಗೆರೆಯನ್ನು ಪೆನ್ಸಿಲಿನಿಂದ ಎಳೆದು, ಕಚ್ಚಾ ಹೊಲಿಗೆ ಹಾಕಲಾಯಿತು. ಪ್ಯಾಂಟು ದೇಹದ ಮೇಲೆ ಸಮತೋಲದಲ್ಲಿದ್ದರೆ ಅಡ್ಡಗೆರೆ ನೆಲಕ್ಕೆ ಸಮಾನಾಂತರವಾಗಿಯೂ ಉದ್ದಗೆರೆ ಲಂಬವಾಗಿಯೂ ನಿಲ್ಲಬೇಕು. ಎಲ್ಲಿ ಗೆರೆ ಬಾಗಿದೆಯೋ ಅಲ್ಲಿ ಬಟ್ಟೆ ಕಡಿಮೆಯಾಗಿದೆ ಅಥವಾ ಹೆಚ್ಚಾಗಿದೆ ಎಂದರ್ಥ.

ಸೊಂಟದಲ್ಲಿ ಟೇಪು ಕಟ್ಟಿ ಪ್ಯಾಂಟನ್ನು ಜಾರದಂತೆ ನಿಲ್ಲಿಸಿದ ಕೂಡಲೇ ಸೀಟಿನ ಗೆರೆ ಹಿಂಬದಿಯಲ್ಲಿ ಸ್ಪಷ್ಟವಾಗಿ ಮೇಲಕ್ಕೇರಿತು. ಸೊಂಟದಿಂದ ಸೀಟಿನವರೆಗಿನ ಉದ್ದ ಹಿಂಬದಿಯಲ್ಲಿ ಸಾಲದು ಎಂಬುದು ಕಣ್ಣಿಗೆ ಕಟ್ಟುವಂತೆ ತೋರಿತು. ಟೇಪು ಕಟ್ಟದೆ ಬಿಟ್ಟಾಗ ಅದೇ ಕೊರತೆಯು ಹಿಂಬದಿಯ ಸೊಂಟಪಟ್ಟಿಯನ್ನು ಕೆಳಕ್ಕೆ ಎಳೆಯುತ್ತಿತ್ತು. ಕೂತು ಎದ್ದಾಗ ಹಿಂದೆ ಕೈ ಹಾಕಬೇಕಾಗುತ್ತದೆ ಎಂದು ಆ ಮಹಿಳೆ ಹೇಳಿದ್ದರ ಕಾರಣ ಇದು. ಹಿಂಬದಿಯ ನಡುಹೊಲಿಗೆಯಿಂದ ಪಕ್ಕದ ಹೊಲಿಗೆಯತ್ತ ಸೀಟಿನ ಗೆರೆಯ ಮೇಲೆಯೇ ಕತ್ತರಿಯಾಡಿಸಿ, ಪಕ್ಕದಲ್ಲಿ ಒಂದು ಚೂರು ಹಿಡಿತ ಉಳಿಸಿ, ಸೀಳನ್ನು ಬೀಸಣಿಗೆಯಂತೆ ಬಿಡಿಸಿದೆವು. ನಡುವಿನಲ್ಲಿ 2.2 ಸೆಂ.ಮೀ. ತೆರೆದುಕೊಂಡಾಗ ಗೆರೆ ಮಟ್ಟಕ್ಕೆ ಬಂದಿತು. ಅಲ್ಲಿ ಒಂದು ತುಂಡು ಬಟ್ಟೆಯನ್ನು ಪಿನ್ನು ಹಾಕಿ ಹಿಡಿಸಿ, ಅದನ್ನು ತೊಟ್ಟಿದ್ದ ಆ ಮಹಿಳೆಯನ್ನು ತಗ್ಗಾದ ಸ್ಟೂಲಿನ ಮೇಲೆ ಕೂರಿಸಿದಾಗ ಸೊಂಟಪಟ್ಟಿ ಇದ್ದಲ್ಲಿಯೇ ಇತ್ತು.

ಮುಂಭಾಗದ ಸುಕ್ಕು ಮಾತ್ರ ಇದರಿಂದ ಪೂರ್ತಿ ಹೋಗಲಿಲ್ಲ. ಇಲ್ಲಿ ಕಟಿಂಗ್ ಮಾಸ್ಟರ್ ಆಡಿದ ಮಾತು ನಿರ್ಣಾಯಕವಾಯಿತು. "ಮೇಡಂ, ಅಗಲ ಬೇಕಾದಷ್ಟಿದೆ. ಇವರ ದೇಹ ಅಗಲಕ್ಕಿಂತ ದಪ್ಪದಲ್ಲಿ ಜಾಸ್ತಿ. ಮುಂದಿನಿಂದ ಹಿಂದಕ್ಕೆ ಜಾಗ ಬೇಕು, ಪಕ್ಕಕ್ಕಲ್ಲ," ಎಂದರು. ಸೀಟಿನ ಸುತ್ತಳತೆ 98 ಸೆಂ.ಮೀ. ಎಂಬ ಸಂಖ್ಯೆ ಒಂದೇ ಆದರೂ ಅದರೊಳಗಿನ ದೇಹದ ಅಡ್ಡಕೊಯ್ತ ಒಂದೇ ಆಗಿರುವುದಿಲ್ಲ. ಎರಡು ಉದ್ದ ಸ್ಕೇಲುಗಳನ್ನು ಹೊಟ್ಟೆಯ ಮುಂದೆ ಮತ್ತು ಸೀಟಿನ ಹಿಂದೆ ಲಂಬವಾಗಿ ಹಿಡಿದು ನಡುವಿನ ಅಂತರವನ್ನು ಅಳೆದಾಗ ರೂಪದರ್ಶಿಯ ದೇಹದ ಆಳ 21 ಸೆಂ.ಮೀ., ಈ ಮಹಿಳೆಯದು 25 ಸೆಂ.ಮೀ. ಬಂದಿತು. ಮುಂದಿನ ಸೊಂಟದಿಂದ ಕಾಲುಗಳ ನಡುವೆ ಹಾಯ್ದು ಹಿಂದಿನ ಸೊಂಟದವರೆಗೆ ಟೇಪು ಹಿಡಿದು ನೋಡಿದಾಗಲೂ ಇಬ್ಬರ ನಡುವೆ ಗಣನೀಯ ವ್ಯತ್ಯಾಸವಿತ್ತು. ಪಕ್ಕದ ಹೊಲಿಗೆಯಲ್ಲಿ ಬಿಟ್ಟ ಬಟ್ಟೆ ದೇಹದ ಅಗಲಕ್ಕೆ ಸೇರುತ್ತದೆ. ದೇಹದ ಆಳಕ್ಕೆ ಬಟ್ಟೆ ಒದಗಬೇಕಾದದ್ದು ಒಳಗಾಲಿನ ಹೊಲಿಗೆಯ ಮೇಲ್ತುದಿಯಲ್ಲಿ, ತೊಡೆಸಂದಿನ ತಿರುವು ಚಾಚಿಕೊಳ್ಳುವ ಜಾಗದಲ್ಲಿ. ಹಿಂಬದಿಯ ಚಾಚನ್ನು 1.5 ಸೆಂ.ಮೀ., ಮುಂಬದಿಯದನ್ನು 0.5 ಸೆಂ.ಮೀ. ಹೆಚ್ಚಿಸಿ, ಮೊದಲು ಪಕ್ಕದಲ್ಲಿ ಸೇರಿಸಿದ್ದ 4 ಸೆಂ.ಮೀ. ಅನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡಾಗ ಮುಂಭಾಗ ಸಪಾಟಾಯಿತು. ಪಕ್ಕದ ಬಿಲ್ಲು ಕೂಡ ಅರ್ಧಕ್ಕರ್ಧ ಇಳಿಯಿತು.

ಇಸ್ತ್ರಿ ಗೆರೆ ತಿರುಗುತ್ತಿದ್ದ ಕಾರಣ ತೀರಾ ಬೇರೆಯಾಗಿತ್ತು, ಅದು ಪ್ಯಾಟರ್ನಿನ ದೋಷವೇ ಅಲ್ಲ. ಒಂದು ಕಾಲನ್ನು ಸಣ್ಣ ಪಟ್ಟೆಯ ಹತ್ತಿ ಬಟ್ಟೆಯಲ್ಲಿ, ಹಿಂದಿನ ಮಾದರಿಗಳನ್ನು ಹಾಸಿ ಕತ್ತರಿಸಿದ್ದ ವಿಧಾನದಲ್ಲಿಯೇ ಕತ್ತರಿಸಲು ಹೇಳಿದೆ. ಪಟ್ಟೆ ಮೊಣಕಾಲಿನವರೆಗೆ ಗೆರೆಯ ಜೊತೆಗೇ ಇಳಿದು, ಅಲ್ಲಿಂದ ಮುಂದೆ ಮೆಲ್ಲಗೆ ಓರೆಯಾಗಿ, ಪಾದದ ಬಳಿಗೆ ಬರುವಷ್ಟರಲ್ಲಿ ಒಂದು ಪಟ್ಟೆಯಷ್ಟು ಒಳಕ್ಕೆ ಸರಿದಿತ್ತು. ಬಟ್ಟೆಯನ್ನು ಉಳಿಸಲು ಕಾಲಿನ ತುಂಡುಗಳನ್ನು ಒಂದಕ್ಕೊಂದು ಒತ್ತಾಗಿ, ತುಸು ವಾಲಿಸಿ ಹಾಸುತ್ತಿದ್ದರು. ಬೋಳು ಕಪ್ಪು ಬಟ್ಟೆಯಲ್ಲಿ ಹಾಸು ನೂಲು ಕಾಣದೆ ಇರುವುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ನೂಲು ವಾಲಿದ ಕಡೆಗೆ ಬಟ್ಟೆಯ ಭಾರವೂ ವಾಲುತ್ತದೆ, ಎಷ್ಟು ಚೆನ್ನಾಗಿ ಇಸ್ತ್ರಿ ಮಾಡಿದರೂ ಗೆರೆ ಅದರ ಹಿಂದೆಯೇ ಹೋಗುತ್ತದೆ. ಹಾಸುವ ಕ್ರಮವನ್ನು ಬದಲಿಸಿದ್ದರಿಂದ ಪ್ರತಿ ಪ್ಯಾಂಟಿಗೆ ಸ್ವಲ್ಪ ಹೆಚ್ಚು ಬಟ್ಟೆ ಬೇಕಾಯಿತು, ಸಂಸ್ಥೆಯವರು ಅದನ್ನು ಮರುಮಾತಿಲ್ಲದೆ ಒಪ್ಪಿಕೊಂಡರು.

ಒಂದು ಕಠಿಣ ಆಯ್ಕೆ

ಹಿಂಬದಿಗೆ 2.2 ಸೆಂ.ಮೀ. ಸೇರಿಸಿದ್ದಕ್ಕೆ ಒಂದು ಬೆಲೆ ತೆರಬೇಕಿತ್ತು. ಸೀಳನ್ನು ಬಿಡಿಸಿದಾಗ ಹಿಂಬದಿಯ ನಡುಹೊಲಿಗೆ ಹೆಚ್ಚು ಓರೆಯಾಗುತ್ತದೆ. ಓರೆ ಹೆಚ್ಚಿದಷ್ಟೂ ಕೂರಲು, ಬಗ್ಗಲು, ಮೆಟ್ಟಿಲು ಹತ್ತಲು ಅನುಕೂಲ. ಆದರೆ ನೆಟ್ಟಗೆ ನಿಂತಾಗ ಆ ಹೆಚ್ಚುವರಿ ಉದ್ದಕ್ಕೆ ಹೋಗಲು ಬೇರೆ ಜಾಗವಿಲ್ಲದೆ ಸೀಟಿನ ಕೆಳಗೆ ಮಡಿಕೆಯಾಗಿ ಇಳಿಯುತ್ತದೆ. ನಡುಹೊಲಿಗೆಯನ್ನು ನೆಟ್ಟಗೆ ಇಟ್ಟರೆ ನಿಂತಾಗ ಹಿಂಬದಿ ಕನ್ನಡಿಯಂತೆ ಸಪಾಟಾಗಿರುತ್ತದೆ, ಕೂತಾಗ ಎಳೆಯುತ್ತದೆ. ಪ್ಯಾಂಟು ಹೊಲಿಯುವವರೆಲ್ಲರೂ ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಬೇಕು. ಎರಡನ್ನೂ ಪೂರ್ತಿಯಾಗಿ ಕೊಡುವ ಪ್ಯಾಟರ್ನ್ ಇಲ್ಲ.

ವಿನ್ಯಾಸಕಿಗೆ ಇದು ನಿಜಕ್ಕೂ ನೋವಿನ ವಿಷಯವಾಗಿತ್ತು, ಅವರ ಇಡೀ ಕಲ್ಪನೆ ನಿಂತಿದ್ದದ್ದು ಹಿಂಬದಿಯ ಆ ಸಪಾಟು ಇಳಿತದ ಮೇಲೆಯೇ. ನಮ್ಮ ನಡುವೆ ದೀರ್ಘವಾದ ಚರ್ಚೆ ನಡೆಯಿತು. ಈ ಪ್ಯಾಂಟನ್ನು ಕೊಳ್ಳುವವರು ದಿನದ ಬಹುಪಾಲು ಕುರ್ಚಿಯಲ್ಲಿರುತ್ತಾರೆ, ಕೂತು ಎದ್ದ ಮೇಲೆ ಉಡುಪನ್ನು ಸರಿಪಡಿಸಿಕೊಳ್ಳಬೇಕಾದರೆ ಆ ಉಡುಪು ತೊಟ್ಟವರ ಗಮನವನ್ನು ಪದೇ ಪದೇ ಕೇಳುತ್ತದೆ, ತನ್ನ ಕಡೆಗೆ ಗಮನ ಸೆಳೆಯದಿರುವುದೇ ಮಿತವಾದ ಉಡುಗೆಯ ಗುಣವಾಗಿದ್ದರೆ ಅದು ನೋಡುವವರಿಗೆ ಮಾತ್ರವಲ್ಲದೆ ತೊಟ್ಟವರಿಗೂ ಅನ್ವಯಿಸಬೇಕು ಎಂಬುದು ನನ್ನ ವಾದವಾಗಿತ್ತು. ಈಗಲೂ ನನ್ನ ಅಭಿಪ್ರಾಯ ಅದೇ. ವಿನ್ಯಾಸಕಿ ಸ್ವತಃ ಎರಡೂ ಬಗೆಯ ಮಾದರಿಗಳನ್ನು ಒಂದೊಂದು ದಿನ ತೊಟ್ಟು ಕೆಲಸ ಮಾಡಿದ ನಂತರ ಓರೆಯ ಪರವಾಗಿ ತೀರ್ಮಾನಿಸಿದರು.

ಆದರೂ ಮಡಿಕೆಯನ್ನು ಎಷ್ಟು ಸಾಧ್ಯವೋ ಅಷ್ಟು ತಗ್ಗಿಸಲು ಒಂದು ಹಳೆಯ ಉಪಾಯವನ್ನು ಬಳಸಿದೆವು. ಒಳಗಾಲಿನ ಹೊಲಿಗೆಯಲ್ಲಿ ತೊಡೆಸಂದಿನಿಂದ ಮೊಣಕಾಲಿನವರೆಗೆ ಹಿಂಬದಿಯ ತುಂಡನ್ನು ಮುಂಬದಿಗಿಂತ 0.8 ಸೆಂ.ಮೀ. ಗಿಡ್ಡವಾಗಿ ಕತ್ತರಿಸಿ, ಹೊಲಿಯುವ ಮೊದಲು ಆ ಅಂಚನ್ನು ಹಬೆ ಇಸ್ತ್ರಿಯಲ್ಲಿ ಹಿಗ್ಗಿಸಿ ಮುಂಬದಿಯ ಉದ್ದಕ್ಕೆ ಸರಿಹೊಂದಿಸಬೇಕು. ಸೀಟಿನ ಕೆಳಗೆ ಹೆಚ್ಚುವರಿಯಾಗಿ ನಿಲ್ಲುತ್ತಿದ್ದ ಬಟ್ಟೆ ಇದರಿಂದ ತೊಡೆಯ ಒಳಕ್ಕೆ ಎಳೆದುಕೊಳ್ಳುತ್ತದೆ. ಉಣ್ಣೆ ಶಾಖ ಮತ್ತು ತೇವಕ್ಕೆ ಮಣಿದು, ಆರಿದ ಮೇಲೆ ಹೊಸ ಆಕಾರವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಈ ಉಪಾಯ ಫಲಿಸುತ್ತದೆ. ಹಿಗ್ಗಿಸಿದ ತುಂಡನ್ನು ಬಿಸಿಯಾಗಿರುವಾಗಲೇ ಎತ್ತಿದರೆ ಮಾಡಿದ್ದೆಲ್ಲ ವ್ಯರ್ಥ. ಮೇಜಿನ ಮೇಲೆಯೇ ಪೂರ್ತಿ ತಣಿಯಲು ಬಿಡಬೇಕು. ಕಪ್ಪು ಬಟ್ಟೆಯಾದ್ದರಿಂದ ಒದ್ದೆ ಹತ್ತಿ ಬಟ್ಟೆಯನ್ನು ನಡುವೆ ಹಾಸದೆ ಇಸ್ತ್ರಿ ಒತ್ತಿದರೆ ಹೊಳಪಿನ ಕಲೆ ನಿಲ್ಲುತ್ತದೆ ಎಂಬುದನ್ನೂ ಹೊಲಿಯುವವರಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ತೆಗೆದದ್ದರ ಕೆಲಸವನ್ನು ಯಾರು ಹೊರುವುದು

ಸಮತೋಲ ಸರಿಹೋದ ಮೇಲೆ ಬೇಡವಾದವುಗಳ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡೆವು. ಈ ಸಲ ಪ್ರತಿಯೊಂದರ ಮುಂದೆಯೂ ಅದು ಮಾಡುತ್ತಿದ್ದ ಕೆಲಸವನ್ನು ಬರೆದೆವು.

ಡಾರ್ಟಿನ ಕೆಲಸ ಸೊಂಟಕ್ಕೂ ಸೀಟಿಗೂ ಇರುವ ವ್ಯತ್ಯಾಸವನ್ನು ನುಂಗುವುದು. ಇಲ್ಲಿ ಆ ವ್ಯತ್ಯಾಸ 24 ಸೆಂ.ಮೀ. ಮುಂಭಾಗದ ಪ್ರತಿ ತುಂಡಿನಲ್ಲಿ 2 ಸೆಂ.ಮೀ. ಡಾರ್ಟ್ ಇರಬೇಕಾಗಿತ್ತು. ಅದನ್ನು ತೆಗೆದವರು ಆ 2 ಸೆಂ.ಮೀ. ಅನ್ನು ಪಕ್ಕದ ಹೊಲಿಗೆಗೆ ತಳ್ಳಿದ್ದರು, ಪಕ್ಕದ ಬಿಲ್ಲಿನ ಉಳಿದರ್ಧದ ಕಾರಣ ಅದೇ. ಹೊಸ ಲೆಕ್ಕದಲ್ಲಿ ಅದನ್ನು ಹಂಚಿದೆವು: 0.7 ಪಕ್ಕದಲ್ಲಿ, 0.7 ಮುಂದಿನ ನಡುಹೊಲಿಗೆಯ ಓರೆಯಲ್ಲಿ, ಉಳಿದ 0.6 ಅನ್ನು ಕತ್ತರಿಸಿ ತೆಗೆಯದೆ ಸೊಂಟಪಟ್ಟಿಗೆ ಕೂಡಿಸುವಾಗ ಸಣ್ಣ ಓಡುಹೊಲಿಗೆಯಿಂದ ಸೆಳೆದು, ಹಬೆಯಲ್ಲಿ ಕುಗ್ಗಿಸಿ ಇಲ್ಲವಾಗಿಸಿದೆವು. ಡಾರ್ಟ್ ಹೊರಗೆ ಕಾಣುವುದಿಲ್ಲ, ಅದರ ಕೆಲಸ ಮಾತ್ರ ನಡೆಯುತ್ತದೆ. ಹೊಟ್ಟೆಯ ಮೇಲಿನ ಬಟ್ಟೆಗೆ ಸಿಕ್ಕ ಆ ಅತಿ ಸಣ್ಣ ಉಬ್ಬು ದೇಹಕ್ಕೆ ಹೊಂದುವುದನ್ನು ನೋಡಿದಾಗ ಕೈಕೆಲಸದ ಬೆಲೆ ಏನೆಂದು ತಿಳಿಯುತ್ತದೆ.

ಜೇಬಿಗೆ ವಸ್ತು ಇಡುವುದಲ್ಲದೆ ಇನ್ನೊಂದು ಕೆಲಸವೂ ಇತ್ತು. ಜೇಬಿನ ಚೀಲವನ್ನು ಮುಂದಿನ ಜಿಪ್ಪಿನ ಹೊಲಿಗೆಯವರೆಗೆ ಚಾಚಿ ಅಲ್ಲಿಗೆ ಕೂಡಿಸಿದರೆ ಅದು ಒಳಗಿನಿಂದ ಮುಂಭಾಗವನ್ನು ಸಪಾಟಾಗಿ ಹಿಡಿದು ನಿಲ್ಲಿಸುತ್ತದೆ. ಹಿಂದಿನ ಒಂದು ಮಾದರಿಯಲ್ಲಿ ಜೇಬನ್ನು ಅಡಗಿಸಲು ಹೋಗಿ ಚೀಲವನ್ನು ಸಡಿಲವಾಗಿ ಬಿಟ್ಟಿದ್ದರಿಂದ ಅದರ ಅಂಚು ತೊಡೆಯ ಮೇಲೆ ಮೂಡುತ್ತಿತ್ತು. ಈಗ ಪಕ್ಕದ ಹೊಲಿಗೆಯೊಳಗೇ ಬಾಯಿ ಇರುವ ಜೇಬನ್ನು ಇಟ್ಟು, ಬಾಯಿ ಹಿಗ್ಗದಂತೆ ಅಂಚಿಗೆ ತೆಳುವಾದ ಹತ್ತಿ ಪಟ್ಟಿಯನ್ನು ಹಾಕಿ, ಚೀಲವನ್ನು ನಡುವಿನವರೆಗೆ ಒಯ್ದೆವು.

ಬೆಲ್ಟಿನ ಲೂಪುಗಳನ್ನು ಮರಳಿ ತರಲಿಲ್ಲ. ಬೆಲ್ಟಿಲ್ಲದೆ ಪ್ಯಾಂಟು ನಿಲ್ಲಬೇಕಾದರೆ ಸೊಂಟಪಟ್ಟಿಯೇ ದೇಹದ ಆಕಾರದಲ್ಲಿರಬೇಕು ಎಂಬ ಕಾರಣಕ್ಕೆ 4 ಸೆಂ.ಮೀ. ಅಗಲದ ನೇರ ಪಟ್ಟಿಯ ಬದಲು ಬಾಗಿದ ಪಟ್ಟಿಯನ್ನು ಕತ್ತರಿಸಿ, ಒಳಗೆ ಗಟ್ಟಿ ಫ್ಯೂಸಿಂಗ್ (ಇಸ್ತ್ರಿಯ ಶಾಖದಿಂದ ಅಂಟಿಸುವ ಒಳಬಟ್ಟೆ) ಹಾಕಿ, ಮೇಲಂಚು ಹಿಗ್ಗದಂತೆ ಟೇಪು ಕೊಟ್ಟೆವು. ಗುಂಡಿಯ ಬದಲು ಒಳಗಡೆ ಹುಕ್ಕು ಬಂದಿತು.

ಹಿಂಬದಿಯ ಸೊಂಟಪಟ್ಟಿಯ ಜೋಡಣೆಯ ವಿಷಯದಲ್ಲಿ ಮಾತ್ರ ಕಟಿಂಗ್ ಮಾಸ್ಟರ್ ಪಟ್ಟು ಹಿಡಿದರು. ವಿನ್ಯಾಸಕಿ, "ಅಲ್ಲಿ ಒಂದು ಹೊಲಿಗೆ ಬಂದರೆ ಇಡೀ ಹಿಂಬದಿ ಒಡೆದಂತೆ ಕಾಣುತ್ತದೆ, ಮಾಸ್ಟರ್," ಎಂದಾಗ ಅವರು ಕೊಟ್ಟ ಉತ್ತರ ಹೀಗಿತ್ತು: "ನಾಳೆ ಅವರ ಸೊಂಟ ಎರಡು ಸೆಂಟಿಮೀಟರ್ ಹೆಚ್ಚಾದರೆ ಪ್ಯಾಂಟನ್ನು ಬಿಸಾಡಬೇಕಾ ಮೇಡಂ?" ಸೊಂಟಪಟ್ಟಿ ಎರಡು ತುಂಡುಗಳಾಗಿ ಬಂದು ಹಿಂಬದಿಯ ನಡುವಿನಲ್ಲಿ ಕೂಡಿದರೆ, ಮತ್ತು ನಡುಹೊಲಿಗೆಯ ಮೇಲ್ಭಾಗದಲ್ಲಿ ಪ್ರತಿ ಬದಿಗೂ 3 ಸೆಂ.ಮೀ. ಮಾರ್ಜಿನ್ ಇದ್ದರೆ, ಒಂದೇ ಹೊಲಿಗೆಯನ್ನು ಬಿಚ್ಚಿ ಸೊಂಟವನ್ನು ದೊಡ್ಡದು ಮಾಡಬಹುದು, ಚಿಕ್ಕದೂ ಮಾಡಬಹುದು. ಒಂದೇ ತುಂಡಿನ ಪಟ್ಟಿಯಲ್ಲಿ ಆಲ್ಟರೇಶನ್‌ಗೆ ದಾರಿಯೇ ಇರುವುದಿಲ್ಲ. ಯಾವ ಋತುವಿನ ಫ್ಯಾಷನ್ನಿಗೂ ಸೇರದ, ಹಲವು ವರ್ಷ ತೊಡಬೇಕೆಂದು ಹೊಲಿದ ಉಡುಪು ತೊಡುವವರ ದೇಹದ ಬದಲಾವಣೆಗೆ ಹೊಂದಿಕೊಳ್ಳದಿದ್ದರೆ ಅದರ ಸರಳತೆಗೆ ಅರ್ಥವಿಲ್ಲ. ಈ ಹೊಲಿಗೆ ಮರಳಿ ಬಂದಿತು. ಅಂಚುಗಳನ್ನು ಬಿಡಿಸಿ ಚೆನ್ನಾಗಿ ಇಸ್ತ್ರಿ ಒತ್ತಿದ ಮೇಲೆ ಅದು ಹಿಂಬದಿಯ ನಡುಹೊಲಿಗೆಯ ಮುಂದುವರಿಕೆಯಾಗಿಯೇ ಕಂಡಿತು.

ಬಟ್ಟೆಯನ್ನೂ ಬದಲಿಸಲಾಯಿತು: ಸೂಪರ್ 100 ವರ್ಗದ, ಹಾಸು ಹೊಕ್ಕುಗಳೆರಡರಲ್ಲಿಯೂ ಜೋಡಿ ಎಳೆಯ ಬಿಗಿ ತಿರುಚಿನ ನೂಲಿರುವ, ಚದರ ಮೀಟರಿಗೆ 280 ಗ್ರಾಂ ತೂಗುವ ಬಟ್ಟೆ. ಮುಟ್ಟಲು ಹಿಂದಿನದರಷ್ಟು ನಯವಿಲ್ಲ. ಆದರೆ ಬಿಗಿಯಾಗಿ ತಿರುಚಿದ ನೂಲು ಸುಕ್ಕಿನಿಂದ ಬೇಗ ಚೇತರಿಸಿಕೊಳ್ಳುತ್ತದೆ, ತೂಕ ಕಾಲನ್ನು ನೇರವಾಗಿ ಇಳಿಸುತ್ತದೆ, ಇಸ್ತ್ರಿ ಗೆರೆ ದಿನವಿಡೀ ನಿಲ್ಲುತ್ತದೆ.

ಪರಿಣಾಮ

ಕೊನೆಯ ಮಾದರಿಯನ್ನು ಹಿಂದಿನವರೇ ಮತ್ತೆ ತೊಟ್ಟು ನೋಡಿದರು. ಮುಂಭಾಗದ ಸೆಳೆತ ಹೋಗಿತ್ತು, ಪಕ್ಕದ ಹೊಲಿಗೆ ಲಂಬವಾಗಿತ್ತು, ಸೀಟಿನ ಕೆಳಗೆ ಒಂದು ಮೃದುವಾದ ಇಳಿತ ಉಳಿದಿತ್ತು. ಹಿಂದಕ್ಕೆ ಕೈ ಹಾಕಬೇಕಾಗುತ್ತದೆ ಎಂದಿದ್ದ ಮಹಿಳೆ ಕೂತು ಎದ್ದು ನಡೆದಾಡಿದರು, ಸೊಂಟದ ಬಗ್ಗೆ ಮಾತೇ ಎತ್ತದೆ ಪ್ಯಾಂಟಿನ ಉದ್ದದ ಬಗ್ಗೆ ಕೇಳಿದರು. ಉದ್ದದ ತೀರ್ಮಾನವನ್ನು ಕೊಳ್ಳುವವರಿಗೇ ಬಿಡಲಾಯಿತು. ಕೆಳಗೆ 6 ಸೆಂ.ಮೀ. ಮಾರ್ಜಿನ್ ಇಟ್ಟು, ತೊಡುವ ಪಾದರಕ್ಷೆಯ ಹಿಮ್ಮಡಿಗೆ ತಕ್ಕಂತೆ, ಹಿಂಬದಿ ಮುಂಬದಿಗಿಂತ 1 ಸೆಂ.ಮೀ. ಇಳಿಯುವಂತೆ ಓರೆಯಾಗಿ ಹೆಮ್ಮಿಂಗ್ ಮಾಡಿಕೊಡುತ್ತಾರೆ.

ರೂಪದರ್ಶಿಗೆ ಮಾತ್ರ ಹೊಸ ಪ್ಯಾಂಟು ಹಿಂದಿನಷ್ಟು ಹೊಂದಲಿಲ್ಲ. ಅವರ ದೇಹದ ಆಳ ಕಡಿಮೆಯಾದ್ದರಿಂದ ತೊಡೆಸಂದಿನ ಬಳಿ ಬಟ್ಟೆ ಹೆಚ್ಚಾಯಿತು. ಇದರಿಂದ ಸಂಸ್ಥೆ ತನ್ನ ಅಳತೆಗಳ ಪದ್ಧತಿಯನ್ನೇ ಮರುಚಿಂತನೆ ಮಾಡಬೇಕಾಯಿತು. ಸೀಟಿನ ಸುತ್ತಳತೆಯನ್ನು 4 ಸೆಂ.ಮೀ.ಗೆ ಒಂದರಂತೆ ಹೆಚ್ಚಿಸುತ್ತ ಅನೇಕ ಸೈಜುಗಳನ್ನು ಮಾಡುವ ಬದಲು, ಸೈಜುಗಳನ್ನು ಕಡಿಮೆ ಮಾಡಿ ಪ್ರತಿಯೊಂದರಲ್ಲಿಯೂ ಕಡಿಮೆ ಆಳದ್ದು ಮತ್ತು ಹೆಚ್ಚು ಆಳದ್ದು ಎಂದು ಎರಡು ಪ್ಯಾಟರ್ನುಗಳನ್ನು ಇಡಲಾಯಿತು. ಕೊಳ್ಳುವವರಿಗೆ ಇದನ್ನು ವಿವರಿಸುವುದು ಕಷ್ಟವೆಂಬ ಆತಂಕ ಮಾರಾಟ ನೋಡಿಕೊಳ್ಳುವವರಿಗಿತ್ತು. ಎರಡನ್ನೂ ತೊಡಿಸಿ, ಒಮ್ಮೆ ಕೂರಿಸಿ ನೋಡಿದರೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ ಎಂಬುದು ಈಗ ಅಲ್ಲಿನ ಅನುಭವ. ತೊಟ್ಟು ನೋಡುವ ಕೋಣೆಯಲ್ಲಿ ಕನ್ನಡಿಯ ಪಕ್ಕಕ್ಕೆ ಒಂದು ಕುರ್ಚಿಯನ್ನೂ ಇಟ್ಟಿದ್ದಾರೆ. ಇಂಥ ಉಡುಪನ್ನು ಮಾರುವ ಎಲ್ಲರೂ ಇದನ್ನು ಅನುಸರಿಸಬೇಕೆಂದು ನನಗೆ ಅನ್ನಿಸುತ್ತದೆ.

ಬೇಸಗೆಗೆಂದು ಅದೇ ಪ್ಯಾಂಟನ್ನು ಲಿನನ್ ಬಟ್ಟೆಯಲ್ಲಿ ಹೊಲಿಯಲು ಹೊರಟಾಗ ಬೇಡವಾದವುಗಳ ಪಟ್ಟಿಯನ್ನು ಇನ್ನೊಮ್ಮೆ ತೆರೆಯಬೇಕಾಯಿತು. ಲಿನನ್ ಎಳೆ ಉಣ್ಣೆಯಂತೆ ಹಬೆಗೆ ಮಣಿದು ಕುಗ್ಗುವುದಿಲ್ಲ. ಒಳಗಾಲಿನ 0.8 ಸೆಂ.ಮೀ. ಹಿಗ್ಗಿಸುವಿಕೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಬೇಕಾಯಿತು, ಮುಂಭಾಗದಲ್ಲಿ ಕುಗ್ಗಿಸಿ ಅಡಗಿಸಿದ್ದ 0.6 ಸೆಂ.ಮೀ.ಗೆ ಬೇರೆ ನೆಲೆ ಹುಡುಕಬೇಕಾಯಿತು. ಅದನ್ನು ಪಕ್ಕದ ಹೊಲಿಗೆಗೆ ತಳ್ಳೋಣವೆಂಬ ಸಲಹೆ ಈ ಬಾರಿ ಯಾರಿಂದಲೂ ಬರಲಿಲ್ಲ. ವಿನ್ಯಾಸಕಿಯೇ ಪೆನ್ಸಿಲ್ ತೆಗೆದುಕೊಂಡು ಮುಂಭಾಗದ ಪ್ರತಿ ತುಂಡಿನ ಮೇಲೆ, ಇಸ್ತ್ರಿ ಗೆರೆಯ ನೇರಕ್ಕೆ, 7 ಸೆಂ.ಮೀ. ಉದ್ದದ ಒಂದು ಡಾರ್ಟನ್ನು ಗುರುತಿಸಿದರು. ಲಿನನ್ ಪ್ಯಾಂಟು ಈಗ ಆ ಡಾರ್ಟುಗಳೊಂದಿಗೇ ಹೊರಬರುತ್ತಿದೆ.